ಈ ಗಾಲಿ ಆ ಕಾರಿಗೆ ಕೂರುತ್ತದೆಯೇ?



ಕಾರಿನ ಡಿಕ್ಕಿಯಲ್ಲಿ ಮಲಗಿರುವ ಐದನೆಯ ಗಾಲಿಗೆ ನಮ್ಮಲ್ಲಿ ಏನೆನ್ನುತ್ತಾರೆ? ಸ್ಟೆಪ್ನಿ. ಲಾರಿ ಚಾಲಕರು, ಪಂಕ್ಚರ್ ಅಂಗಡಿಯವರು, ಬಸ್ಸಿನ ಕ್ಲೀನರುಗಳು, ಎಲ್ಲರ ಬಾಯಲ್ಲೂ ಇರುವ ಮಾತಿದು. ಅಪ್ಪಟ ಇಂಗ್ಲಿಷ್ ಪದವೆಂದು ನಂಬಿ ಇದನ್ನು ಲಂಡನ್ನಿನಲ್ಲಿ ಬಳಸಿದರೆ ಇಂದು ಹೆಚ್ಚಿನವರಿಗೆ ಅರ್ಥವಾಗದು. ಏಕೆಂದರೆ ಅದು ವಸ್ತುವಿನ ಹೆಸರೇ ಅಲ್ಲ, ವೇಲ್ಸ್ ನಾಡಿನ ಲನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. ಥಾಮಸ್ ಮಾರಿಸ್ ಡೇವಿಸ್ ಎಂಬಾತ 1904ರಲ್ಲಿ ರೂಪಿಸಿದ ಗಾಲಿಗೆ ಆ ಸ್ಟೆಪ್ನಿ ಬೀದಿಯ ಹೆಸರೇ ಅಂಟಿಕೊಂಡಿತು. ಅದು ಕಡ್ಡಿಗಳಿಲ್ಲದ ಗಾಲಿ. ಗಾಳಿ ತುಂಬಿದ ಟೈರನ್ನು ಹೊತ್ತ ಬರಿಯ ಲೋಹದ ಬಳೆ. ಪಂಕ್ಚರ್ ಆದ ಗಾಲಿಯ ಪಕ್ಕಕ್ಕೆ ಈ ಬಳೆಯನ್ನು ಕೊಂಡಿಗಳಿಂದ ಬಿಗಿದರೆ ಮನೆ ಸೇರುವವರೆಗೆ ದಾರಿ ಸಾಗುತ್ತಿತ್ತು.

ಗಾಲಿಯನ್ನೇ ಬಿಚ್ಚಿ ಬೇರೊಂದನ್ನು ಹಾಕಬಹುದಿತ್ತಲ್ಲ, ಎಂದು ನೀವು ಕೇಳುವಿರಿ. ಆಗಿನ ಬಹುಪಾಲು ಕಾರುಗಳಲ್ಲಿ ಅದು ಆಗದ ಕೆಲಸ. ಟೈರು ಹರಿದರೆ ರಸ್ತೆಯ ಬದಿಯಲ್ಲೇ ಕುಳಿತು, ಕಾರಿಗೆ ಅಂಟಿಕೊಂಡಿರುವ ಗಾಲಿಯಿಂದಲೇ ಸಲಾಕಿ ಹಾಕಿ ಟೈರನ್ನು ಕಿತ್ತು, ತೇಪೆ ಹಚ್ಚಿ, ಮತ್ತೆ ಕೈಪಂಪಿನಿಂದ ಗಾಳಿ ತುಂಬಬೇಕಾಗಿತ್ತು. ಬೇರೆ ಗಾಲಿ ಕೂರುತ್ತದೆಯೇ ಎಂಬ ಪ್ರಶ್ನೆ ಇನ್ನೂ ಹುಟ್ಟಿರಲಿಲ್ಲ.

ಇಂದು ಆ ಪ್ರಶ್ನೆಗೆ ಹೊಸ ಜೀವ ಬಂದಿದೆ. ವಿದ್ಯುತ್ ಕಾರು ಕೊಂಡವರೊಬ್ಬರು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ಹೋಗಿ, ಕಂಪನಿಯದಲ್ಲದ, ನೋಡಲು ಚೆಂದವಾದ ಅಲಾಯ್ ಗಾಲಿ ಬೇಕು ಎಂದರೆನ್ನಿ. ಅಂಗಡಿಯವರ ಮೊದಲ ಮಾತು, "ಪಿಸಿಡಿ ಎಷ್ಟು ಸಾರ್?" ಗಾಲಿಯನ್ನು ಬಿಗಿಯುವ ಬೋಲ್ಟುಗಳ ನಡುಬಿಂದುಗಳನ್ನು ಹಾದುಹೋಗುವಂತೆ ಒಂದು ವೃತ್ತ ಎಳೆದರೆ ಆ ವೃತ್ತದ ವ್ಯಾಸವೇ ಪಿಸಿಡಿ. ಉತ್ತರ ಬಹಳಷ್ಟು ಸಲ "5, 114.3" ಎಂದಿರುತ್ತದೆ. ಐದು ಬೋಲ್ಟು, 114.3 ಮಿಲಿಮೀಟರ್. ಈ ಮೂರು ದಶಾಂಶ ಎಲ್ಲಿಂದ ಬಂತು? 114.3ನ್ನು 25.4ರಿಂದ ಭಾಗಿಸಿ ನೋಡಿ. ಸರಿಯಾಗಿ ನಾಲ್ಕೂವರೆ ಇಂಚು! ಮೆಟ್ರಿಕ್ ಪದ್ಧತಿಯ ಜಪಾನಿನ ಕಾರಿನಲ್ಲಿಯೂ ಬೋಲ್ಟುಗಳು ಇನ್ನೂ ಇಂಚಿನ ಅಳತೆಯಲ್ಲಿಯೇ ನಿಂತಿವೆ. ಗಾಲಿಯ ಮೇಲಿನ ಒಂದೊಂದು ಅಂಕಿಯ ಹಿಂದೆಯೂ ಇಂಥ ಒಂದು ಹಳೆಯ ಕಾಲ ಅಡಗಿದೆ.

ಗಾಳಿ ತುಂಬಿದ ಟೈರಿನ ಕಥೆಯನ್ನು ನೀವು ಪಾಠದಲ್ಲಿ ಓದಿದ್ದೀರಿ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಅದಕ್ಕೆ ಪೇಟೆಂಟು ಪಡೆದ, ಜಗತ್ತು ಮರೆಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮತ್ತೆ ಕಂಡುಹಿಡಿದ. 1891ರಲ್ಲಿ ಫ್ರಾನ್ಸಿನ ಮಿಷಲಿನ್ ಸೋದರರು ಬಿಚ್ಚಿ ಹಾಕಬಹುದಾದ ಸೈಕಲ್ ಟೈರನ್ನು ತಂದರು. ಇಷ್ಟು ಸಾಕು. ಪಾಠದಲ್ಲಿ ಅಷ್ಟಾಗಿ ಬಾರದ ಸಂಗತಿ ಇನ್ನೊಂದಿದೆ: ಗಂಟೆಗೆ 100 ಕಿಲೋಮೀಟರ್ ವೇಗ ದಾಟಿದ ಮೊದಲ ಕಾರು ಪೆಟ್ರೋಲಿನದಲ್ಲ, ವಿದ್ಯುತ್ತಿನದು. 1899ರಲ್ಲಿ ಪ್ಯಾರಿಸಿನ ಬಳಿಯ ಅಶೇರ್ ಎಂಬಲ್ಲಿ ಬೆಲ್ಜಿಯಂನ ಕಾಮಿಲ್ ಜೆನಾಟ್ಸಿ, ಮದ್ದುಗುಂಡಿನ ಆಕಾರದ ತನ್ನ ಕಾರನ್ನು 105.88 ಕಿ.ಮೀ. ವೇಗದಲ್ಲಿ ಓಡಿಸಿದ. ಕಾರಿನ ಹೆಸರು 'ಲಾ ಜಮೇ ಕೋಂತಾಂತ್'. ಎಂದೂ ತೃಪ್ತಳಾಗದವಳು ಎಂದು ಅರ್ಥ. ಬ್ಯಾಟರಿಗಳೂ ಸೇರಿ ಸುಮಾರು ಒಂದೂವರೆ ಟನ್ ತೂಕದ ಆ ಕಾರನ್ನು ಹೊತ್ತು ಉರುಳಿದ್ದು ಮಿಷಲಿನ್ ಟೈರುಗಳು. ಭಾರ ಮತ್ತು ವೇಗ ಎರಡನ್ನೂ ಒಟ್ಟಿಗೆ ತಾಳಬೇಕೆಂಬ ಬೇಡಿಕೆಯನ್ನು ಗಾಲಿಯ ಮುಂದಿಟ್ಟವರಲ್ಲಿ ವಿದ್ಯುತ್ ಕಾರಿನವರು ಮೊದಲಿಗರು.

ಆ ಕಾಲದಲ್ಲಿ ವಿದ್ಯುತ್ ಕಾರು ಅಪರೂಪದ ಆಟಿಕೆಯಾಗಿರಲಿಲ್ಲ. 1900ರಲ್ಲಿ ಅಮೆರಿಕದಲ್ಲಿ ತಯಾರಾದ 4,192 ಕಾರುಗಳ ಪೈಕಿ 1,681 ಹಬೆಯವು, 1,575 ವಿದ್ಯುತ್ತಿನವು, ಪೆಟ್ರೋಲಿನವು ಕೇವಲ 936. ಅದೇ ವರ್ಷ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ ಯುವಕ ಫರ್ಡಿನಾಂಡ್ ಪೋರ್ಶೆಯ ಲೋನರ್ ಕಾರು ಕಾಣಿಸಿಕೊಂಡಿತು. ಅದರ ಮೋಟರುಗಳು ಮುಂದಿನ ಗಾಲಿಗಳ ಹಬ್‌ನೊಳಗೇ ಇದ್ದವು. ನಮ್ಮ ಎತ್ತಿನ ಗಾಡಿಯಲ್ಲಿ ಗುಂಬ ಎನ್ನುತ್ತೇವಲ್ಲ, ಆ ನಡುಭಾಗವೇ ಹಬ್. ಗಾಲಿಯೂ ಮೋಟರೂ ಒಂದೇ ಅಂಗವಾದ ಮೇಲೆ ಪೇಟೆಯಿಂದ ಬೇರೆ ಗಾಲಿ ತಂದು ಕೂರಿಸುವ ಮಾತೆಲ್ಲಿ?

ಗಾಲಿ ಬಿಚ್ಚುವಂಥ ವಸ್ತುವಾದದ್ದು ಮುಂದಿನ ಎರಡು ದಶಕಗಳಲ್ಲಿ, ಮೆಲ್ಲಮೆಲ್ಲಗೆ. ಹೆನ್ರಿ ಫೋರ್ಡನ ಪ್ರಸಿದ್ಧ ಮಾಡೆಲ್ ಟಿ ಕಾರಿಗೆ ಬಿಚ್ಚಿ ಹಾಕುವ ರಿಮ್ ಬಂದದ್ದೇ 1919ರಲ್ಲಿ. ಅದಕ್ಕೂ ಮುಂಚೆ ಅದರ ಮುಂದಿನ ಟೈರು 30 x 3 ಇಂಚು, ಹಿಂದಿನದು 30 x 3½. ಒಂದೇ ಕಾರಿಗೆ ಎರಡು ಬಗೆಯ ಟೈರು! ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ 30 ಎಂಬುದು ಟೈರಿನ ಹೊರ ವ್ಯಾಸ. ಇಂದು 15 ಇಂಚಿನ ಗಾಲಿ ಎಂದರೆ ರಿಮ್ಮಿನ ವ್ಯಾಸ. ಹೆಸರು ಒಂದೇ, ಅಳೆಯುವ ಜಾಗ ಬೇರೆ. ಈಗಿನ ಟೈರಿನ ಮೇಲೆ 195/65 R15 ಎಂದು ಬರೆದಿರುವುದನ್ನು ಓದಿ ನೋಡಿ: ಅಗಲ 195 ಮಿಲಿಮೀಟರ್, ಪಕ್ಕದ ಎತ್ತರ ಆ ಅಗಲದ ಶೇಕಡಾ 65, ರಿಮ್ 15 ಇಂಚು. ನಡುವಿನ R, ಮಿಷಲಿನ್ ಕಂಪನಿ 1946ರಲ್ಲಿ ಪೇಟೆಂಟು ಪಡೆದ ರೇಡಿಯಲ್ ರಚನೆಯ ಗುರುತು. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು. ಭೌತಶಾಸ್ತ್ರದ ಪರೀಕ್ಷೆಯಲ್ಲಿ ಹೀಗೆ ಬರೆದರೆ ಮೇಷ್ಟ್ರು ಅಂಕ ಕೊಡುವುದಿಲ್ಲ.

ಈ ಕಲಸುಮೇಲೋಗರವನ್ನು ಸರಿಪಡಿಸಲು ಯಾರೂ ಯತ್ನಿಸಲಿಲ್ಲವೆಂದಲ್ಲ. 1970ರ ದಶಕದ ನಡುವಿನಲ್ಲಿ ಮಿಷಲಿನ್ ಕಂಪನಿಯೇ ಟಿಆರ್‌ಎಕ್ಸ್ ಎಂಬ ಹೆಸರಿನಲ್ಲಿ ರಿಮ್ಮನ್ನೂ ಮಿಲಿಮೀಟರಿಗೆ ತಂದಿತು. ಒಂದು ರಿಮ್ 390 ಮಿ.ಮೀ., ಎಂದರೆ 15.35 ಇಂಚು. ಬೇರೆ ಯಾವ ಟೈರೂ ಅದಕ್ಕೆ ಕೂರದು. ಟೈರು ಒಳ್ಳೆಯದೇ ಆಗಿತ್ತು. ಆದರೆ ಪೇಟೆಯಲ್ಲಿ ತುಂಬಿದ್ದ ಇಂಚಿನ ಟೈರುಗಳ ಎದುರು ಅದು ನಿಲ್ಲಲಿಲ್ಲ. ಆ ಕಾಲದ ಕಾರನ್ನು ಇಂದಿಗೂ ಜೋಪಾನ ಮಾಡಿರುವ ಹವ್ಯಾಸಿಗಳು ದುಬಾರಿ ಬೆಲೆ ತೆತ್ತು ಟೈರು ತರಿಸುತ್ತಾರೆ, ಇಲ್ಲವೇ ಇಂಚಿನ ಬೇರೆ ಗಾಲಿಗಳನ್ನೇ ಹಾಕಿಸುತ್ತಾರೆ. ಸರಿಯಾದ ಅಳತೆಗಿಂತ ಎಲ್ಲರೂ ಒಪ್ಪಿದ ಅಳತೆಗೆ ಬಲ ಹೆಚ್ಚು.

ಇನ್ನು ಅಲಾಯ್ ಗಾಲಿಯ ವಿಷಯ. ಎಟ್ಟೋರೆ ಬುಗಾಟ್ಟಿಯ ಟೈಪ್ 35 ರೇಸ್ ಕಾರು ಎರಕದ ಅಲ್ಯೂಮಿನಿಯಂ ಗಾಲಿಗಳೊಂದಿಗೆ 1924ರಲ್ಲಿ ಫ್ರಾನ್ಸಿನ ಲಿಯೋಂ ನಗರದ ಸ್ಪರ್ಧೆಗೆ ಇಳಿಯಿತು. ಗಾಲಿಗಳು ಗಟ್ಟಿಯಾಗಿಯೇ ಇದ್ದವು, ಟೈರುಗಳು ಕೈಕೊಟ್ಟವು. ಬುಗಾಟ್ಟಿಗೆ ಆ ದಿನ ಗೆಲುವು ದಕ್ಕಲಿಲ್ಲ. ಆಮೇಲೆ ಅದೇ ಕಾರು ಎಷ್ಟೋ ಸ್ಪರ್ಧೆಗಳನ್ನು ಗೆದ್ದಿತು. ಕಾರು ತಯಾರಕರನ್ನು ಬಿಟ್ಟು ಬೇರೆಯವರು ಗಾಲಿ ಮಾಡಿ ಮಾರುವ ದಂಧೆ ಜೋರಾದದ್ದು ಎರಡನೆಯ ಮಹಾಯುದ್ಧದ ನಂತರ, ಅಮೆರಿಕದಲ್ಲಿ. ಅಮೆರಿಕನ್ ರೇಸಿಂಗ್ ಕಂಪನಿ ಹುಟ್ಟಿದ್ದು 1956ರಲ್ಲಿ. ಕ್ರೇಗರ್ ಕಂಪನಿಯ ಹೊಳೆಯುವ ಎಸ್/ಎಸ್ ಗಾಲಿ ಬಂದದ್ದು 1964ರಲ್ಲಿ. ಫೋರ್ಡಿಗೆ ನಾಲ್ಕೂವರೆ ಇಂಚು, ಷೆವರ್ಲೆಗೆ ನಾಲ್ಕೂ ಮುಕ್ಕಾಲು ಇಂಚು. ಅಂಗಡಿಯವನು ಎಷ್ಟು ಬಗೆ ಇಟ್ಟುಕೊಂಡಾನು? ಅದಕ್ಕೆ 'ಯೂನಿಲಗ್' ಎಂಬ ಉಪಾಯ ಹೂಡಿದರು. ಗಾಲಿಯ ರಂಧ್ರವನ್ನು ದುಂಡಗೆ ಕೊರೆಯದೆ ಉದ್ದಕ್ಕೆ ಸೀಳಿ, ಒಂದೇ ಗಾಲಿ ಎರಡು ಮೂರು ಅಳತೆಗೆ ಕೂರುವಂತೆ ಮಾಡಿದರು. ಕೂತಿತು, ನಿಜ. ತಕ್ಕ ವಾಷರನ್ನು ಸರಿಯಾಗಿ ಹಾಕದಿದ್ದರೆ ಗಾಲಿ ನಡುವಿಗೆ ನಿಲ್ಲದೆ, ವೇಗ ಏರಿದಂತೆ ಸ್ಟೀರಿಂಗು ನಡುಗುತ್ತಿತ್ತು.

ಷೆವರ್ಲೆಯ ನಾಲ್ಕೂ ಮುಕ್ಕಾಲು ಇಂಚು ಎಂದರೆ 120.65 ಮಿ.ಮೀ. ಜರ್ಮನಿಯ ಬಿಎಂಡಬ್ಲ್ಯು ಕಂಪನಿ ಬಹುಕಾಲ ಬಳಸಿದ್ದು 120 ಮಿ.ಮೀ. ವ್ಯತ್ಯಾಸ ಒಂದು ಮಿಲಿಮೀಟರೂ ಇಲ್ಲ. ಒತ್ತಿ ಬಿಗಿದರೆ ಗಾಲಿ ಕೂತೇ ಬಿಡುತ್ತದೆ. ಅಪಾಯವಿರುವುದು ಇಲ್ಲಿಯೇ. ನಟ್ಟಿನ ಶಂಕುವಿನಾಕಾರದ ತುದಿ ತನ್ನ ಗುಳಿಯಲ್ಲಿ ಪೂರ್ತಿ ಕೂರದೆ ಒಂದು ಬದಿಗೆ ಒರಗುತ್ತದೆ, ಬೋಲ್ಟು ಬಾಗಿದ ಸ್ಥಿತಿಯಲ್ಲಿ ಭಾರ ಹೊರುತ್ತದೆ, ಓಡುತ್ತ ಓಡುತ್ತ ನಟ್ಟು ಸಡಿಲಾಗುತ್ತದೆ. ಪೂರಾ ತಪ್ಪು ಅಳತೆಯ ಗಾಲಿ ಅಂಗಡಿಯಲ್ಲೇ ಸಿಕ್ಕಿಬೀಳುತ್ತದೆ. ಹತ್ತಿರದ ಅಳತೆಯದು ಹೆದ್ದಾರಿಯವರೆಗೂ ಜೊತೆಗೆ ಬರುತ್ತದೆ.

ವಿದ್ಯುತ್ ಕಾರುಗಳು ಮರಳಿ ಬಂದಾಗ ಈ ಹಳೆಯ ಅಂಕಿಗಳ ನಡುವೆಯೇ ಇಳಿಯಬೇಕಾಯಿತು. ನಮ್ಮ ಬೆಂಗಳೂರಿನ ರೇವಾ 2001ರಲ್ಲಿ ಎಂಟು ಸೀಸ-ಆಮ್ಲ ಬ್ಯಾಟರಿ ಹೊತ್ತು ಮಾರಾಟಕ್ಕೆ ಬಂತು, ಮುಂದೆ ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತು. ಅದರ ಗಾಲಿ 13 ಇಂಚಿನದು, ಸಣ್ಣ ಕಾರುಗಳಲ್ಲಿ ಬಳಕೆಯಲ್ಲಿದ್ದ ಅಳತೆ. ಜಾಣತನದ ಆಯ್ಕೆ ಎಂದು ನನ್ನ ಅನಿಸಿಕೆ. 2010ರ ನಿಸ್ಸಾನ್ ಲೀಫ್ ಹಳೆಯ 114.3ನ್ನೇ ಹಿಡಿಯಿತು, ಅದಕ್ಕೆ ಪೇಟೆಯಲ್ಲಿ ಗಾಲಿಗಳ ರಾಶಿಯೇ ಇದೆ. 2016ರ ಷೆವರ್ಲೆ ಬೋಲ್ಟ್ 105 ಮಿ.ಮೀ. ಹಿಡಿಯಿತು, ಆಯ್ಕೆ ಬೆರಳೆಣಿಕೆಯಷ್ಟು. 2013ರ ಬಿಎಂಡಬ್ಲ್ಯು ಐ3 ಇನ್ನೂ ವಿಚಿತ್ರ. ಅದರ ಟೈರು 155/70 R19, ಎತ್ತರ ಹೆಚ್ಚು, ಅಗಲ ಕಡಿಮೆ. ಗಾಳಿಯ ತಡೆ ತಗ್ಗಿಸಿ ಬ್ಯಾಟರಿಯ ವಿದ್ಯುತ್ತನ್ನು ಉಳಿಸುವುದು ಅದರ ಉದ್ದೇಶ. ಪಕ್ಕದಿಂದ ನೋಡಿದರೆ ಮಾಡೆಲ್ ಟಿ ನೆನಪಾಗುತ್ತದೆ. ಆ ಅಳತೆಯ ಟೈರು ಮಾಡುವವರು ಮಾತ್ರ ತೀರಾ ಕಡಿಮೆ.

ಪಿಸಿಡಿ ಸರಿಹೊಂದಿದರೆ ಮುಗಿಯಿತೇ? ಇಲ್ಲ. ಟೆಸ್ಲಾ ಮಾಡೆಲ್ 3 ಕೂಡ ಐದು ಬೋಲ್ಟಿನ 114.3. ಆದರೆ ಅದರ ಗಾಲಿಯ ನಡುವಿನ ತೂತು 64.1 ಮಿ.ಮೀ., ಲೀಫಿನದು 66.1. ಟೆಸ್ಲಾದ ಗಾಲಿ ಲೀಫಿನ ಹಬ್ಬಿನೊಳಗೆ ತೂರುವುದೇ ಇಲ್ಲ. ಲೀಫಿನ ಗಾಲಿ ಟೆಸ್ಲಾಕ್ಕೆ ತೂರುತ್ತದೆ, ಎರಡು ಮಿಲಿಮೀಟರ್ ಸಡಿಲವಾಗಿ. ಆ ಸಂದನ್ನು ತುಂಬಲೆಂದು ಉಂಗುರಗಳನ್ನು ಮಾರುತ್ತಾರೆ. ಅನಂತರ ಆಫ್‌ಸೆಟ್: ಗಾಲಿಯ ಅಗಲದ ನಡುಗೆರೆಯಿಂದ ಹಬ್ಬಿಗೆ ಒರಗುವ ಮುಖದವರೆಗಿನ ದೂರ. ಜರ್ಮನ್ ಪದದ ಮೊದಲಕ್ಷರಗಳಿಂದ ಇದನ್ನು ಇಟಿ ಎಂದು ಬರೆಯುತ್ತಾರೆ. ಇಟಿ 40 ಇದ್ದಲ್ಲಿ ಇಟಿ 25 ಹಾಕಿದರೆ ಗಾಲಿ 15 ಮಿ.ಮೀ. ಹೊರಕ್ಕೆ ಚಾಚುತ್ತದೆ. ಮಡ್‌ಗಾರ್ಡಿಗೆ ತಾಗಬಹುದು, ಬೇರಿಂಗಿನ ಮೇಲೆ ಹೆಚ್ಚು ಒತ್ತಡ ಬೀಳುತ್ತದೆ.

ಕೊನೆಯದು ತೂಕ. ವಿದ್ಯುತ್ ಕಾರಿನಲ್ಲಿ ಇದೇ ಮುಖ್ಯ. ಬ್ಯಾಟರಿಯೊಂದೇ ಮುನ್ನೂರು, ನಾನೂರು ಕಿಲೋ ತೂಗಬಹುದು. ಒಂದು ಲೆಕ್ಕ ಮಾಡೋಣ. ಕಾರು 1,800 ಕಿಲೋ, ಜನ ಮತ್ತು ಸಾಮಾನು 450, ಒಟ್ಟು 2,250 ಎನ್ನಿ. ನಾಲ್ಕರಿಂದ ಭಾಗಿಸಿದರೆ ಗಾಲಿಗೆ 562. ಆದರೆ ಭಾರ ಸಮನಾಗಿ ಹಂಚಿರುವುದಿಲ್ಲ. ಹಿಂದಿನ ಅಚ್ಚಿನ ಮೇಲೆ ಶೇಕಡಾ 55 ಬಿದ್ದರೆ ಅಲ್ಲಿನ ಒಂದೊಂದು ಗಾಲಿಗೆ ಸುಮಾರು 619 ಕಿಲೋ. ಟೈರಿನ ಅಳತೆಯ ಮುಂದೆ 91 ಎಂಬ ಅಂಕಿ ಇದ್ದರೆ ಆ ಟೈರು ಹೊರಬಲ್ಲದ್ದು 615 ಕಿಲೋ. ನಾಲ್ಕು ಕಿಲೋ ಕೊರತೆ, ಅದೂ ಕಾರು ನಿಂತಿರುವಾಗ. ಗುಂಡಿಗೆ ಬಿದ್ದಾಗಿನ ಮಾತು ಬೇರೆ. 94 ಎಂದಿದ್ದರೆ 670 ಕಿಲೋ. ಈ ಭಾರಕ್ಕೆಂದೇ ಎಚ್‌ಎಲ್ ಎಂಬ ಹೊಸ ಗುರುತಿನ ಟೈರುಗಳು ಬಂದಿವೆ. ಪಿರೆಲ್ಲಿ ಕಂಪನಿ ತನ್ನ ಮೊದಲ ಎಚ್‌ಎಲ್ ಟೈರನ್ನು 2021ರಲ್ಲಿ ಲೂಸಿಡ್ ಏರ್ ಎಂಬ ವಿದ್ಯುತ್ ಕಾರಿಗಾಗಿ ಹೊರತಂದಿತು.

ಟೈರಿನಂತೆಯೇ ಲೋಹದ ಗಾಲಿಗೂ ತಾಳಿಕೆಯ ಮಿತಿ ಇದೆ. ಒಳ್ಳೆಯ ತಯಾರಕರು ಅದನ್ನು ಕಿಲೋಗಳಲ್ಲಿ ಗಾಲಿಯ ಬೆನ್ನಿನ ಮೇಲೆ, ಇಟಿ ಮತ್ತು ಅಗಲದ ಅಂಕಿಗಳ ಪಕ್ಕದಲ್ಲೇ ಅಚ್ಚೊತ್ತಿರುತ್ತಾರೆ. ಜಾಹೀರಾತಿನಲ್ಲಿ ನಮ್ಮಂಥವರ ಕ್ಯಾಮರಾ ಸದಾ ತೋರಿಸುವುದು ಗಾಲಿಯ ಮುಖವನ್ನು. ನೀವು ಅಂಗಡಿಗೆ ಹೋದಾಗ ಅದನ್ನು ತಿರುಗಿಸಿ ಹಿಡಿಯಲು ಹೇಳಿ, ಆ ಅಂಕಿಯನ್ನು ಓದಿ, ನಿಮ್ಮ ಕಾರಿನ ಬಾಗಿಲ ಅಂಚಿನಲ್ಲೋ ಕೈಪಿಡಿಯಲ್ಲೋ ಕೊಟ್ಟಿರುವ ಅಚ್ಚಿನ ಭಾರದ ಅರ್ಧದೊಂದಿಗೆ ಹೋಲಿಸಿ ನೋಡಿ.