ಇಸುಬು: ತುರಿಸುವ ಚರ್ಮವನ್ನು ಸಂಭಾಳಿಸುವುದು ಹೇಗೆ?

ಹಗಲೆಲ್ಲ ಆಡಿಕೊಂಡಿದ್ದ ಮಗು ರಾತ್ರಿ ಹಾಸಿಗೆ ಸೇರಿದೊಡನೆ ಮೊಣಕೈ ಮಡಿಕೆ, ಮೊಣಕಾಲ ಹಿಂಭಾಗವನ್ನು ಪರಪರನೆ ಕೆರೆದುಕೊಳ್ಳತೊಡಗುತ್ತದೆ. ಬೆಳಗಾಗುವಷ್ಟರಲ್ಲಿ ಚರ್ಮದ ಮೇಲೆ ರಕ್ತದ ಗೀರುಗಳು. ಮನೆಯವರು ಮೆಡಿಕಲ್ ಶಾಪಿಗೆ ಹೋಗಿ ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಎನ್ನುತ್ತಾರೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ. ಹದಿನೈದು ದಿನ ಕಳೆದರೆ ಮತ್ತೆ ಅದೇ ಜಾಗ, ಅದೇ ತುರಿಕೆ, ಮತ್ತೆ ಅದೇ ಟ್ಯೂಬ್.

ಹೀಗೆ ವರ್ಷಗಟ್ಟಲೆ ಸುತ್ತಾಡುವವರಲ್ಲಿ ಹಲವರಿಗೆ ಇರುವುದು ಇಸುಬು, ಅಂದರೆ ಎಕ್ಸಿಮಾ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಒಂದೇ ಸಲಕ್ಕೆ ಬೇರುಸಹಿತ ಕೀಳುವ ಮದ್ದೂ ಇಲ್ಲ. ಆದರೆ ರೋಗ ಯಾವುದೆಂದು ಸರಿಯಾಗಿ ಗುರುತಿಸಿ, ದಿನವೂ ಚರ್ಮದ ಆರೈಕೆ ಮಾಡಿದರೆ ಇದನ್ನು ಹತೋಟಿಯಲ್ಲಿಟ್ಟುಕೊಂಡು ನೆಮ್ಮದಿಯಾಗಿ ಬದುಕಬಹುದು. ಹೆಸರು ಗೊತ್ತಿಲ್ಲದ ಟ್ಯೂಬ್ ಹಚ್ಚುವುದರಿಂದ ಮಾತ್ರ ಅದು ಸಾಧ್ಯವಿಲ್ಲ.

ಇಸುಬು ಎಂದರೇನು?

ಆರೋಗ್ಯವಂತ ಚರ್ಮ ಗಾರೆ ಹಾಕಿದ ಇಟ್ಟಿಗೆ ಗೋಡೆಯಂತೆ. ಜೀವಕೋಶಗಳೇ ಇಟ್ಟಿಗೆ, ಅವುಗಳ ನಡುವಿನ ಜಿಡ್ಡೇ ಗಾರೆ. ಇಸುಬು ಇರುವವರಲ್ಲಿ ಈ ಗಾರೆ ಸಡಿಲ. ಒಳಗಿನ ತೇವ ಹೊರಹೋಗುತ್ತದೆ, ಹೊರಗಿನ ಧೂಳು, ಸೋಪು, ರೋಗಾಣು ಒಳನುಗ್ಗುತ್ತವೆ. ಚರ್ಮ ಒಣಗಿ, ಕೆಂಪಾಗಿ ತುರಿಸುತ್ತದೆ. ಕೆರೆದಷ್ಟೂ ಗೋಡೆ ಇನ್ನಷ್ಟು ಒಡೆದು ತುರಿಕೆ ಹೆಚ್ಚುತ್ತದೆ.

ಚರ್ಮದ ಗೋಡೆ ಕಟ್ಟಲು ನೆರವಾಗುವ ‘ಫಿಲಾಗ್ರಿನ್’ ಎಂಬ ಪ್ರೊಟೀನಿನ ವಂಶವಾಹಿಯಲ್ಲಿನ ದೋಷಕ್ಕೂ ಇಸುಬಿಗೂ ನಂಟಿರುವುದು 2006ರಲ್ಲಿ ಪತ್ತೆಯಾಯಿತು. ಉಬ್ಬಸ, ಪದೇ ಪದೇ ಸೀನು-ನೆಗಡಿ ಇರುವ ಕುಟುಂಬಗಳಲ್ಲಿ ಇಸುಬು ಹೆಚ್ಚಾಗಿ ಕಾಣುವುದೂ ಇದು ಹುಟ್ಟಿನಿಂದ ಬರುವ ಪ್ರವೃತ್ತಿ ಎಂಬುದಕ್ಕೆ ಸಾಕ್ಷಿ. ಈ ಬಗೆಯ ಇಸುಬಿಗೆ ವೈದ್ಯರು ‘ಅಟೋಪಿಕ್ ಡರ್ಮಟೈಟಿಸ್’ ಎನ್ನುತ್ತಾರೆ. ‘ರಕ್ತ ಕೆಟ್ಟಿದೆ’, ‘ಮೈ ತೊಳೆಯುವುದಿಲ್ಲ’ ಎಂಬ ಮಾತುಗಳಿಗೆ ಆಧಾರವಿಲ್ಲ.

ಬಹುತೇಕ ಮಂದಿಗೆ ಇದು ಐದು ವರ್ಷದೊಳಗೇ ಶುರುವಾಗುತ್ತದೆ. ಹಸುಗೂಸುಗಳಲ್ಲಿ ಕೆನ್ನೆ, ನೆತ್ತಿ. ದೊಡ್ಡ ಮಕ್ಕಳಲ್ಲಿ ಕೈಕಾಲಿನ ಮಡಿಕೆ. ವಯಸ್ಕರಲ್ಲಿ ಕುತ್ತಿಗೆ, ಕೈ, ಕಣ್ಣಿನ ರೆಪ್ಪೆ ಇದರ ಜಾಗ. ವಯಸ್ಸಾದಂತೆ ಅನೇಕ ಮಕ್ಕಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಆದರೂ ಚರ್ಮದ ಸೂಕ್ಷ್ಮತೆ ಉಳಿಯಬಹುದು.

ಮೂರು ತುರಿಕೆ, ಮೂರು ರೋಗ

ಹಳ್ಳಿಗಳಲ್ಲಿ ಹೆಚ್ಚು ಗೊಂದಲವಾಗುವುದು ಇಸುಬು, ಕಜ್ಜಿ ಮತ್ತು ಹುಳುಕಡ್ಡಿಗಳ ನಡುವೆ.

1. ಇಸುಬು: ಒಣ, ಕೆಂಪು ಅಥವಾ ಕಪ್ಪುಗಟ್ಟಿದ, ದಪ್ಪನೆಯ ಚರ್ಮ. ಅಂಚು ಸ್ಪಷ್ಟವಿರುವುದಿಲ್ಲ. ತಿಂಗಳುಗಟ್ಟಲೆ ಬಂದು ಹೋಗುತ್ತಿರುತ್ತದೆ. ಅಂಟುವುದಿಲ್ಲ.

2. ಕಜ್ಜಿ: ಚರ್ಮದೊಳಗೆ ಬಿಲ ತೋಡುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಬರುತ್ತದೆ. ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ, ಗುಪ್ತಾಂಗದಲ್ಲಿ ಗುಳ್ಳೆಗಳು. ರಾತ್ರಿ ತುರಿಕೆ ಜೋರು. ಮನೆಯಲ್ಲಿ ಒಬ್ಬರ ನಂತರ ಒಬ್ಬರಿಗೆ ಬರುತ್ತದೆ. ಸಾಮಾನ್ಯವಾಗಿ ಶೇ. 5ರ ಪರ್ಮೆಥ್ರಿನ್ ಮುಲಾಮನ್ನು ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಿಕೊಂಡು, ವಾರದ ನಂತರ ಮತ್ತೊಮ್ಮೆ ಹಚ್ಚಬೇಕಾಗುತ್ತದೆ. ಹಸುಗೂಸು ಮತ್ತು ಬಸುರಿಯರ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

3. ಹುಳುಕಡ್ಡಿ: ಇದನ್ನು ಗಜಕರ್ಣ ಎಂದೂ ಕರೆಯುತ್ತಾರೆ. ಹೆಸರಿನಲ್ಲಿ ಹುಳುವಿದ್ದರೂ ಕಾರಣ ಶಿಲೀಂಧ್ರ, ಅಂದರೆ ಬೂಸ್ಟಿನ ಜಾತಿ. ಉಂಗುರದಂತೆ ಹರಡುತ್ತದೆ, ಅಂಚು ಉಬ್ಬಿರುತ್ತದೆ, ನಡುಭಾಗ ತಿಳಿಯಾಗಿರುತ್ತದೆ. ತೊಡೆ ಸಂದು, ಸೊಂಟ, ಕಂಕುಳಲ್ಲಿ ಹೆಚ್ಚು. ಟವೆಲು, ಬಟ್ಟೆಯ ಮೂಲಕ ಅಂಟುತ್ತದೆ.

ಇಸುಬಿನ ಮುಲಾಮನ್ನು ಹುಳುಕಡ್ಡಿಗೆ ಹಚ್ಚಿದರೆ ಅದು ಮತ್ತಷ್ಟು ಹಬ್ಬುತ್ತದೆ. ಕಜ್ಜಿಯ ಮದ್ದನ್ನು ಇಸುಬಿಗೆ ಹಚ್ಚಿದರೆ ಚರ್ಮ ಉರಿಯುತ್ತದೆ. ಆದ್ದರಿಂದ ಗುರುತಿಸುವುದೇ ಅರ್ಧ ಚಿಕಿತ್ಸೆ.

ಇನ್ನೊಂದು ಎಚ್ಚರಿಕೆ: ತುರಿಕೆಯಿಲ್ಲದ, ಮುಟ್ಟಿದರೆ ಸ್ಪರ್ಶ ಗೊತ್ತಾಗದ, ಬಿಳಿಚಿದ ಅಥವಾ ಕೆಂಪನೆಯ ಮಚ್ಚೆ ಇದ್ದರೆ ಅದು ಕುಷ್ಠದ ಲಕ್ಷಣವಾಗಿರಬಹುದು. ಅದಕ್ಕೆ ಎಲ್ಲ ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧಿ ಇದೆ, ಪೂರ್ತಿ ಗುಣವಾಗುತ್ತದೆ. ತಡ ಮಾಡಬಾರದು.

ಗಡಿಯಲ್ಲಿ ಹೆಸರಿನ ತೊಡಕು

ತುರಿಕೆಗೆ ಕನ್ನಡದಲ್ಲೇ ಹಲವು ಹೆಸರು. ತಾಳವಾಡಿ ಕಡೆ ‘ನವೆ’ ಎಂದರೆ, ಸೊಲ್ಲಾಪುರ, ಜತ್ತ ಕಡೆ ‘ತಿಂಡಿ’, ‘ಕಡಿತ’ ಎನ್ನುತ್ತಾರೆ. ವೈದ್ಯರು ಬೇರೆ ಭಾಷೆಯವರಾದಾಗ ತೊಡಕು ಇನ್ನೂ ಹೆಚ್ಚು. ಆಗ ಈ ಪದಗಳು ನೆರವಾಗುತ್ತವೆ.

ಮಲಯಾಳ: ತುರಿಕೆಗೆ ‘ಚೊರಿಚ್ಚಿಲ್’, ಇಸುಬಿಗೆ ‘ಕರಪ್ಪನ್’, ಕಜ್ಜಿಗೆ ‘ಚೊರಿ’, ಹುಳುಕಡ್ಡಿಗೆ ‘ವಟ್ಟಚ್ಚೊರಿ’.
ತಮಿಳು: ತುರಿಕೆಗೆ ‘ಅರಿಪ್ಪು’, ಇಸುಬಿಗೆ ‘ಕರಪ್ಪಾನ್’, ಕಜ್ಜಿಗೆ ‘ಸಿರಂಗು’, ಹುಳುಕಡ್ಡಿಗೆ ‘ಪಡರ್‌ತಾಮರೈ’.
ಮರಾಠಿ: ತುರಿಕೆಗೆ ‘ಖಾಜ’, ಇಸುಬಿಗೆ ‘ಇಸಬ’, ಕಜ್ಜಿಗೆ ‘ಖರೂಜ’, ಹುಳುಕಡ್ಡಿಗೆ ‘ಗಜಕರ್ಣ’ ಅಥವಾ ‘ನಾಯಟಾ’.
ತೆಲುಗು: ತುರಿಕೆಗೆ ‘ದುರದ’, ಕಜ್ಜಿಗೆ ‘ಗಜ್ಜಿ’. ‘ತಾಮರ’ ಎಂಬ ಪದವನ್ನು ಹುಳುಕಡ್ಡಿಗೂ ಇಸುಬಿಗೂ ಬಳಸುವುದುಂಟು. ಆದ್ದರಿಂದ ಆದೋನಿ, ರಾಯದುರ್ಗ, ಮಡಕಶಿರಾ ಕಡೆಯವರು ‘ತಾಮರ’ ಎಂದು ಹೇಳಿ ಮದ್ದು ತರುವುದಕ್ಕಿಂತ ಚರ್ಮವನ್ನು ತೋರಿಸಿಯೇ ಮದ್ದು ಪಡೆಯುವುದು ಕ್ಷೇಮ.

ಗಡಿಯ ಕುಟುಂಬಗಳು ಒಮ್ಮೆ ಈಚೆಯ ಡಾಕ್ಟರಿಗೆ, ಒಮ್ಮೆ ಆಚೆಯ ಡಾಕ್ಟರಿಗೆ ತೋರಿಸುವುದು ಸಾಮಾನ್ಯ. ಎರಡೂ ಕಡೆ ಬೇರೆ ಬೇರೆ ಹೆಸರಿನ ಟ್ಯೂಬ್ ಕೊಟ್ಟರೂ ಒಳಗಿನ ಔಷಧಿ ಒಂದೇ ಇರಬಹುದು. ಎರಡನ್ನೂ ಹಚ್ಚಿದರೆ ಪ್ರಮಾಣ ದುಪ್ಪಟ್ಟಾಗುತ್ತದೆ. ಹಳೆಯ ಚೀಟಿ, ಖಾಲಿ ಟ್ಯೂಬ್‌ಗಳನ್ನು ಎಸೆಯದೆ ಒಂದು ಚೀಲದಲ್ಲಿಟ್ಟು ಪ್ರತಿ ಸಲವೂ ತೋರಿಸಬೇಕು.

ಕೆರಳಿಸುವ ವಸ್ತುಗಳು

ಇಸುಬು ಇರುವವರ ಚರ್ಮ ಬೇಗ ಕೆರಳುತ್ತದೆ. ಇಸುಬಿನ ಪ್ರವೃತ್ತಿ ಇಲ್ಲದವರಿಗೂ ಕೆಲವು ವಸ್ತುಗಳ ಸಂಪರ್ಕದಿಂದಲೇ ಇಸುಬು ಬರುತ್ತದೆ.

ಪಾರ್ಥೇನಿಯಂ: 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು ದೇಶವೆಲ್ಲ ಹಬ್ಬಿದ ಈ ಕಳೆಗೆ ಕನ್ನಡದಲ್ಲಿ ಕಾಂಗ್ರೆಸ್ ಗಿಡ, ಮರಾಠಿಯಲ್ಲಿ ಗಾಜರ ಗವತ, ತೆಲುಗಿನಲ್ಲಿ ವಯ್ಯಾರಿಭಾಮ ಎಂಬ ಹೆಸರು. ಇದರ ಒಣ ಪುಡಿ ಗಾಳಿಯಲ್ಲಿ ತೇಲಿ ಬಂದು ಮುಖ, ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತೀವ್ರ ಇಸುಬು ತರಿಸುತ್ತದೆ. ನಡುವಯಸ್ಸಿನ ರೈತರಿಗೆ ಹೊಸದಾಗಿ ಇಸುಬು ಕಾಣಿಸಿಕೊಂಡರೆ ಇದನ್ನು ಮೊದಲು ಶಂಕಿಸಬೇಕು. ಕೀಳುವಾಗ ತುಂಬು ತೋಳಿನ ಅಂಗಿ, ಕೈಗವಸು ಬೇಕು. ಈಗಾಗಲೇ ಅಲರ್ಜಿ ಇರುವವರು ಕೀಳುವ, ಸುಡುವ ಕೆಲಸಕ್ಕೆ ಹೋಗಲೇಬಾರದು. ಇದೇ ಜಾತಿಗೆ ಸೇರಿದ ಸೇವಂತಿಗೆಯೂ ಕೆಲವು ಹೂ ಬೆಳೆಗಾರರ ಕೈ ಕೆಡಿಸುತ್ತದೆ.

ಗೇರು: ಕಾಸರಗೋಡು, ಗೋವಾ ಕಡೆ ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈಸುಟ್ಟಂತಾಗುವುದು ಎಲ್ಲರಿಗೂ ಗೊತ್ತು. ಇಸುಬು ಇರುವವರಿಗೆ ಇದು ಇನ್ನೂ ಕಠಿಣ.

ಸಿಮೆಂಟ್: ಹಸಿ ಸಿಮೆಂಟಿನ ಕ್ಷಾರ ಮತ್ತು ಅದರಲ್ಲಿರುವ ಕ್ರೋಮಿಯಂ ಗಾರೆ ಕೆಲಸದವರ ಕೈ ಇಸುಬಿಗೆ ಮುಖ್ಯ ಕಾರಣ.

ಮನೆಯೊಳಗೆ: ಬಟ್ಟೆ ಸೋಪು, ಪಾತ್ರೆ ಪುಡಿ, ಬೆಳ್ಳುಳ್ಳಿ ಸುಲಿಯುವುದು, ನಿಕ್ಕಲ್ ಇರುವ ಕೃತಕ ಒಡವೆ, ಅಂಟು ಬಿಂದಿ, ಕೂದಲಿಗೆ ಹಚ್ಚುವ ಕಪ್ಪು ಬಣ್ಣ, ಉಣ್ಣೆಯ ಬಟ್ಟೆ. ಬೆವರು ಮತ್ತು ಮನಸ್ಸಿನ ಒತ್ತಡವೂ ತುರಿಕೆ ಹೆಚ್ಚಿಸುತ್ತವೆ. ನೀಲಗಿರಿಯ ಚಳಿ, ಸೊಲ್ಲಾಪುರದ ಒಣಹವೆ ಚರ್ಮವನ್ನು ಒಡೆಸಿದರೆ, ಕರಾವಳಿಯ ಸೆಕೆಯಲ್ಲಿ ಬೆವರೇ ಶತ್ರು.

ದಿನದ ಆರೈಕೆ

ಇಸುಬಿನ ಚಿಕಿತ್ಸೆಯ ಬುನಾದಿ ಮುಲಾಮಿನ ಟ್ಯೂಬ್ ಅಲ್ಲ, ಚರ್ಮದ ತೇವ.

* ಹಂಡೆಯ ಸುಡುನೀರು ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ 5ರಿಂದ 10 ನಿಮಿಷ ಸ್ನಾನ ಸಾಕು.
* ಸೀಗೆಪುಡಿ, ಕಡಲೆಹಿಟ್ಟು, ನಾರು ಹಾಕಿ ಉಜ್ಜಬಾರದು. ಸುವಾಸನೆಯಿಲ್ಲದ ಸೌಮ್ಯ ಸೋಪನ್ನು ಬೇಕಾದ ಜಾಗಕ್ಕಷ್ಟೇ ಬಳಸಬೇಕು.
* ಟವೆಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ಹಸಿಯಿರುವಾಗಲೇ, ಅಂದರೆ ಮೂರು ನಿಮಿಷದೊಳಗೆ, ತೇವ ಹಿಡಿದಿಡುವ ಮುಲಾಮು ಹಚ್ಚಬೇಕು. ದುಬಾರಿ ಕ್ರೀಮೇ ಬೇಕೆಂದಿಲ್ಲ. ಬಿಳಿ ಪೆಟ್ರೋಲಿಯಂ ಜೆಲ್ಲಿ ಅಗ್ಗ ಮತ್ತು ಪರಿಣಾಮಕಾರಿ. ಸೆಕೆಗಾಲದಲ್ಲಿ ತೆಳುವಾದ ಕ್ರೀಮ್ ಹಿತ.
* ದಿನಕ್ಕೆ ಎರಡು ಸಲವಾದರೂ ಹಚ್ಚಬೇಕು, ತುರಿಕೆ ಇಲ್ಲದ ದಿನವೂ ಬಿಡಬಾರದು. ಮೈಯೆಲ್ಲ ಒಣಗಿದ ಮಗುವಿಗೆ ವಾರಕ್ಕೆ 200 ಗ್ರಾಂಗೂ ಹೆಚ್ಚು ಬೇಕಾಗುತ್ತದೆ. ಸಣ್ಣ ಡಬ್ಬಿಯನ್ನು ತಿಂಗಳುಗಟ್ಟಲೆ ಉಳಿಸಿದರೆ ಪ್ರಯೋಜನವಿಲ್ಲ.
* ಕೊಬ್ಬರಿ ಎಣ್ಣೆ ಒಳ್ಳೆಯದೇ. ಫಿಲಿಪ್ಪೀನ್ಸ್‌ನಲ್ಲಿ ಇಸುಬು ಇದ್ದ ಮಕ್ಕಳ ಮೇಲೆ ಎಂಟು ವಾರ ನಡೆದ ಅಧ್ಯಯನದಲ್ಲಿ, ಬಿಸಿ ಮಾಡದೆ ತೆಗೆದ ಶುದ್ಧ ಕೊಬ್ಬರಿ ಎಣ್ಣೆ ಮಿನರಲ್ ಎಣ್ಣೆಗಿಂತ ಹೆಚ್ಚು ಗುಣ ತೋರಿತು.
* ಜೆಲ್ಲಿ, ಎಣ್ಣೆ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಸೌದೆ ಒಲೆ, ದೀಪದ ಬಳಿ ಜಾಗ್ರತೆ.
* ಹತ್ತಿಯ ಸಡಿಲ ಬಟ್ಟೆ ತೊಡಿಸಬೇಕು. ಬಟ್ಟೆಯನ್ನು ಎರಡು ನೀರಿನಲ್ಲಿ ಜಾಲಿಸಬೇಕು. ಮಕ್ಕಳ ಉಗುರು ಚಿಕ್ಕದಾಗಿರಲಿ.
* ತಡೆಯಲಾರದ ತುರಿಕೆಗೆ ಕೆರೆಯುವ ಬದಲು ತಣ್ಣನೆಯ ಒದ್ದೆ ಬಟ್ಟೆ ಒತ್ತಿ ಹಿಡಿಯಬಹುದು.

ಸೀಮೆಎಣ್ಣೆ, ನಿಂಬೆರಸ, ಸುಣ್ಣ, ಡೆಟಾಲ್ ಹಚ್ಚುವುದು ಅಪಾಯ. ಬೇವಿನ ಎಲೆ ಅರೆದು ಹಚ್ಚಿದರೂ ಒಡೆದ ಚರ್ಮ ಕೆಲವರಿಗೆ ಉರಿಯುತ್ತದೆ.

ಸ್ಟೀರಾಯ್ಡ್: ಹೆದರಿಕೆಯೂ ಬೇಡ, ಸಲಿಗೆಯೂ ಬೇಡ

1952ರಲ್ಲಿ ಹೈಡ್ರೊಕಾರ್ಟಿಸೋನ್ ಮುಲಾಮು ಬಳಕೆಗೆ ಬಂದಂದಿನಿಂದ ಇಸುಬು ಕೆರಳಿದಾಗ ತಣಿಸುವ ಮುಖ್ಯ ಔಷಧಿ ಸ್ಟೀರಾಯ್ಡ್ ಮುಲಾಮು. ವೈದ್ಯರು ಹೇಳಿದ ಶಕ್ತಿಯದ್ದನ್ನು, ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಇದು ಸುರಕ್ಷಿತ.

ಅಳತೆ ಸುಲಭ. ವಯಸ್ಕರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ವಯಸ್ಕರ ಎರಡು ಅಂಗೈಯಗಲದ ಚರ್ಮಕ್ಕೆ ಇಷ್ಟು ಸಾಕು.

ತೊಂದರೆ ಬರುವುದು ಚೀಟಿಯಿಲ್ಲದೆ ತರುವ ಟ್ಯೂಬಿನಿಂದ. ‘ತುರಿಕೆಗೆ’ ಎಂದು ಕೇಳಿದರೆ ಸಿಗುವ ಹಲವು ಟ್ಯೂಬ್‌ಗಳಲ್ಲಿ ತೀವ್ರ ಶಕ್ತಿಯ ಸ್ಟೀರಾಯ್ಡ್, ಶಿಲೀಂಧ್ರದ ಮದ್ದು, ಆಂಟಿಬಯಾಟಿಕ್ ಮೂರೂ ಬೆರೆತಿರುತ್ತವೆ. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ಒಳಗೊಳಗೇ ಹುಳುಕಡ್ಡಿ ಬೆಳೆಯುತ್ತದೆ. ಭಾರತದಲ್ಲಿ ಹುಳುಕಡ್ಡಿ ಇಷ್ಟು ಹಟಮಾರಿಯಾಗಲು ಇಂಥ ಬಳಕೆಯೂ ಒಂದು ಕಾರಣವೆಂದು ಚರ್ಮತಜ್ಞರು ಎಚ್ಚರಿಸುತ್ತಲೇ ಬಂದಿದ್ದಾರೆ. ಬಹಳ ದಿನ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗುತ್ತದೆ, ತೊಡೆ, ಕಂಕುಳಲ್ಲಿ ಅಳಿಸಲಾಗದ ಗೆರೆಗಳು ಬೀಳುತ್ತವೆ. ಮುಖಕ್ಕೆ ಬಿಳುಪು ಬರಲೆಂದು ಹಚ್ಚಿದವರಿಗೆ ಕೆಂಪು, ಮೊಡವೆ, ಬೇಡದ ಕೂದಲು ಬರುತ್ತವೆ.

2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ‘ಶೆಡ್ಯೂಲ್ ಎಚ್’ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದಿತು. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೆಟಾಮೆಥಸೋನ್, ಮೊಮೆಟಸೋನ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯಬೇಕು.

ಮುಖ, ರೆಪ್ಪೆಯಂಥ ನಾಜೂಕು ಜಾಗಗಳಿಗೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮು ಇದೆ. ಯಾವುದಕ್ಕೂ ಬಗ್ಗದ ಇಸುಬಿಗೆ ಬೆಳಕಿನ ಚಿಕಿತ್ಸೆ, ಮಾತ್ರೆ, ಚುಚ್ಚುಮದ್ದುಗಳೂ ಇವೆ. ಇವೆಲ್ಲ ತಜ್ಞರ ನಿಗಾದಲ್ಲೇ ಆಗಬೇಕು.

ಪಥ್ಯ ಬೇಕೇ?

‘ಬದನೆಕಾಯಿ ನಂಜು, ಮೀನು ನಂಜು, ಮೊಟ್ಟೆ ಬೇಡ’ ಎಂದು ಮಕ್ಕಳ ತಟ್ಟೆಯಿಂದ ಒಂದೊಂದೇ ತೆಗೆಯುವುದುಂಟು. ತೀವ್ರ ಇಸುಬಿರುವ ಕೆಲವು ಸಣ್ಣ ಮಕ್ಕಳಿಗಷ್ಟೇ ಹಾಲು, ಮೊಟ್ಟೆಯಂಥ ಆಹಾರದ ಅಲರ್ಜಿ ಜೊತೆಗಿರುತ್ತದೆ. ಒಂದು ಆಹಾರ ತಿಂದ ಒಡನೆ ತುಟಿ ಊದಿದರೆ, ಮೈಮೇಲೆ ದದ್ದು ಎದ್ದರೆ ವೈದ್ಯರಿಗೆ ಹೇಳಬೇಕು. ಕಾರಣವಿಲ್ಲದೆ ಪಥ್ಯ ಮಾಡಿಸಿದರೆ ಮಗು ಸೊರಗುತ್ತದೆಯೇ ಹೊರತು ತುರಿಕೆ ಹೋಗುವುದಿಲ್ಲ.

ಯಾವಾಗ ತಡಮಾಡದೆ ಹೋಗಬೇಕು?

* ಗಾಯದಿಂದ ನೀರು, ಕೀವು ಸೋರಿ ಹಳದಿ ಹಕ್ಕಳೆ ಕಟ್ಟಿದರೆ.
* ಜ್ವರದೊಂದಿಗೆ ನೋವಿನ ಸಣ್ಣ ನೀರ್ಗುಳ್ಳೆಗಳು ಗುಂಪಾಗಿ ಎದ್ದರೆ. ಇದು ಹರ್ಪಿಸ್ ವೈರಾಣುವಿನ ಸೋಂಕಿರಬಹುದು, ಅದೇ ದಿನ ಚಿಕಿತ್ಸೆ ಬೇಕು.
* ಮೈಯೆಲ್ಲ ಕೆಂಪಾಗಿ ಹೊಟ್ಟು ಉದುರತೊಡಗಿದರೆ.
* ತುರಿಕೆಯಿಂದ ವಾರಗಟ್ಟಲೆ ನಿದ್ದೆಗೆಟ್ಟರೆ.

ಸೊಲ್ಲಾಪುರ, ಕರ್ನೂಲು, ಅನಂತಪುರಗಳ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ತಾಳವಾಡಿಯವರಿಗೆ ಚಾಮರಾಜನಗರದ ವೈದ್ಯಕೀಯ ಕಾಲೇಜು ಹತ್ತಿರ.

ಮುಟ್ಟಿದರೆ ಬರುವುದಿಲ್ಲ

ಇಸುಬಿನ ನೋವು ಚರ್ಮದ್ದಷ್ಟೇ ಅಲ್ಲ. ಶಾಲೆಯಲ್ಲಿ ಪಕ್ಕದಲ್ಲಿ ಕೂರಲು ಮಕ್ಕಳು ಹಿಂಜರಿಯುತ್ತಾರೆ, ಹೆಣ್ಣುಮಕ್ಕಳ ಮದುವೆ ಮಾತಿನಲ್ಲಿ ಇದನ್ನು ಮುಚ್ಚಿಡುತ್ತಾರೆ, ಕೂಲಿಗೆ ಕರೆಯುವವರು ಕೈ ನೋಡಿ ಹಿಂದೆ ಸರಿಯುತ್ತಾರೆ. ಇಸುಬು ಇರುವವರ ಪಕ್ಕ ಕೂತರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಇಸುಬು ಬರುವುದಿಲ್ಲ. ಪಾಲಕರು ಇದನ್ನು ಶಾಲೆಯ ಶಿಕ್ಷಕರಿಗೆ ಮೊದಲೇ ತಿಳಿಸಿ, ಮಗುವಿನ ಚೀಲದಲ್ಲಿ ಒಂದು ಸಣ್ಣ ಜೆಲ್ಲಿ ಡಬ್ಬಿ ಇಟ್ಟು ಕಳುಹಿಸಿದರೆ ಅರ್ಧ ಕಷ್ಟ ಕಡಿಮೆಯಾದಂತೆ. ‘ಕೆರೆಯಬೇಡ’ ಎಂದು ಗದರುವುದರಿಂದ ತುರಿಕೆ ನಿಲ್ಲದು. ಒಣಗಿದ ಜಾಗಕ್ಕೆ ತೇವ ಸಿಕ್ಕರೆ ಮಗುವಿನ ಕೈ ತಾನಾಗಿ ನಿಲ್ಲುತ್ತದೆ.