ತೆರೆಯ ಹಿಂದಿನ ಲೇಖಣಿ

ಆಳುವವರ ಮಾತನ್ನು ಜನತೆಗೆ ಮುಟ್ಟಿಸುವವನು ಪತ್ರಿಕಾ ಕಾರ್ಯದರ್ಶಿ. ಅವನನ್ನು ಸರಕಾರದ ಬಾಯಿಯೆಂದು ಕರೆಯುವುದುಂಟು. ಆದರೆ ಅವನು ಕಿವಿಯೂ ಆಗಿರಬೇಕು. ಪತ್ರಿಕೆಗಳ ಟೀಕೆಯನ್ನು ಮುಚ್ಚುಮರೆಯಿಲ್ಲದೆ ಆಳುವವರಿಗೆ ಅರುಹಬೇಕು.

ರಾಜಧಾನಿ ದೆಹಲಿಯಲ್ಲಿ ಈ ಹೊಣೆಯನ್ನು ದೀರ್ಘಕಾಲ ಹೊತ್ತವರು ನಮ್ಮ ಕನ್ನಡಿಗರೇ ಆದ ಶ್ರೀ ಎಚ್. ವೈ. ಶಾರದಾ ಪ್ರಸಾದರು. 1924ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು, ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಮುಂಬಯಿಯಲ್ಲಿ ಪತ್ರಕರ್ತರಾಗಿ, ಅನಂತರ ‘ಯೋಜನಾ’ ಪತ್ರಿಕೆಯ ಸಂಪಾದಕರಾಗಿ ಪಳಗಿ, 1966ರಲ್ಲಿ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರ ಕಾರ್ಯಾಲಯವನ್ನು ಸೇರಿದರು. ಮುಂದೆ ಮೊರಾರ್ಜಿ ದೇಸಾಯಿ, ರಾಜೀವ ಗಾಂಧಿಯವರ ಕಾಲದಲ್ಲೂ ಅವರ ಸೇವೆ ಸಂದಿತು. ಪ್ರಧಾನಿಯ ಭಾಷಣಗಳ ಹಿಂದೆ ಅವರ ಲೇಖಣಿಯಿತ್ತು; ಹೆಸರು ಮಾತ್ರ ಎಲ್ಲಿಯೂ ಕಾಣುತ್ತಿರಲಿಲ್ಲ.

1975ರ ಜೂನ್ ತಿಂಗಳಲ್ಲಿ ತುರ್ತುಪರಿಸ್ಥಿತಿ ಬಂದು ಪತ್ರಿಕೆಗಳ ಬಾಯಿಗೆ ಬೀಗ ಬಿತ್ತು. ಸ್ವಾತಂತ್ರ್ಯಕ್ಕಾಗಿ ಸೆರೆ ಕಂಡಿದ್ದ ಪತ್ರಕರ್ತರು ಆಗ ಅದೇ ಸರಕಾರದ ವಾರ್ತಾ ಸಲಹೆಗಾರರು! ಹುದ್ದೆಯ ನಿಷ್ಠೆ ಹಿರಿದೋ, ಲೇಖಣಿಯ ನಿಷ್ಠೆ ಹಿರಿದೋ? ಈ ಸ್ಥಾನದಲ್ಲಿ ಕುಳಿತ ಯಾರೂ ಈ ಪ್ರಶ್ನೆಯಿಂದ ಪಾರಾಗಲಾರರು.

ಅಷ್ಟೊಂದು ಕಂಡವರು ಅಧಿಕಾರದ ಒಳಗುಟ್ಟುಗಳ ಗ್ರಂಥವನ್ನು ಬರೆಯಲಿಲ್ಲ. 2003ರಲ್ಲಿ ಹೊರಬಂದ ಅವರ ಇಂಗ್ಲಿಷ್ ಪ್ರಬಂಧಸಂಕಲನದ ಹೆಸರೇ ‘ನಾನು ಬರೆಯದ ಪುಸ್ತಕ’ ಎಂಬರ್ಥದ್ದು. ತಮ್ಮ ಕಥೆಯನ್ನು ಬದಿಗಿಟ್ಟು, ಶಿವರಾಮ ಕಾರಂತರ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದುಕೊಟ್ಟರು. 2008ರಲ್ಲಿ ದೆಹಲಿಯಲ್ಲಿಯೇ ಕಣ್ಮುಚ್ಚಿದರು.

ಆ ಮೌನದಿಂದ ಇತಿಹಾಸಕ್ಕೆ ನಷ್ಟವಾಯಿತೆನ್ನಬಹುದು. ಆದರೆ ನಂಬಿ ಆಡಿದ ಮಾತನ್ನು ಮಾರಿಕೊಳ್ಳದಿರುವುದೂ ಸಾರ್ವಜನಿಕ ಜೀವನದ ಒಂದು ಶೀಲ. ನಾಡಿನಿಂದ ದೂರವಿದ್ದು ಪರರ ಕಾರ್ಯಾಲಯಗಳಲ್ಲಿ ದುಡಿಯುವ ನಮಗೆ ಆ ಶೀಲದ ಬೆಲೆ ತಿಳಿಯದ್ದಲ್ಲ.