ಮಕ್ಕಳ ಜೊತೆ ಕಾರ್ ಟ್ರಿಪ್, ಕೈಯಲ್ಲೊಂದು ಹಸಿರು ಪುಸ್ತಕ

ಭಾಗ 1/8

ರಜೆ ಬಂತು ಅಂದ್ರೆ ಮನೆಯಲ್ಲಿ ಟ್ರಿಪ್ ಮಾತು ಶುರು. ಒಬ್ಬರು ಮ್ಯಾಪ್ ನೋಡ್ತಾರೆ, ಇನ್ನೊಬ್ಬರು ಪುಳಿಯೋಗರೆ, ಚಕ್ಕುಲಿ ಡಬ್ಬಿಗೆ ತುಂಬ್ತಾರೆ. ಚಿಕ್ಕ ಮಕ್ಕಳಿದ್ದರಂತೂ ಪ್ರಶ್ನೆಗಳು ಜಾಸ್ತಿ. ಎಷ್ಟು ಗಂಟೆಗೆ ಹೊರಡೋದು? ಊಟಕ್ಕೆ ಎಲ್ಲಿ ನಿಲ್ಲಿಸೋದು? ದಾರಿಯಲ್ಲಿ ಟಾಯ್ಲೆಟ್ ಸಿಗುತ್ತಾ? ರಾತ್ರಿ ಎಲ್ಲಿ ಮಲಗೋದು?

ಇವು ತೀರಾ ಮನೆಮಾತಿನ ಪ್ರಶ್ನೆಗಳು. ಆದರೆ 1963ರಲ್ಲಿ ಇವೇ ಪ್ರಶ್ನೆಗಳನ್ನು ಒಬ್ಬರು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕೂತು ಕೇಳಿದರು. ಮುಂದಿನ ವರ್ಷ ಆ ದೇಶದ ಕಾನೂನೇ ಬದಲಾಯಿತು.

ಈ ಸರಣಿ ಆ ದಾರಿಯ ಕಥೆ. ಇದರಲ್ಲಿ ನಾಯಕರು, ಭಾಷಣಗಳು ಕಡಿಮೆ. ಕಾರು, ಊಟದ ಡಬ್ಬಿ, ಹಿಂದಿನ ಸೀಟಿನಲ್ಲಿ ಮಕ್ಕಳು, ಮತ್ತೆ ಒಂದು ಸಣ್ಣ ಗೈಡ್‌ಬುಕ್ ಜಾಸ್ತಿ.

ಭಾಗ 2/8: ಒಂದೇ ವರ್ಷ, ಎರಡು ಪುಸ್ತಕ

1930ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ಕಾರು ಶ್ರೀಮಂತರ ಆಟಿಕೆಯಾಗಿ ಉಳಿದಿರಲಿಲ್ಲ. ಶಿಕಾಗೋದಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವ ರೂಟ್ 66 ಎಂಬ ಹೆದ್ದಾರಿಗೆ 1926ರಲ್ಲೇ ನಂಬರ್ ಸಿಕ್ಕಿತ್ತು. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ದೂರದ ಊರಿಗೆ ಹೊರಡೋದು ಮಧ್ಯಮ ವರ್ಗದ ಆಸೆಯಾಗಿತ್ತು. ಗೊತ್ತಿಲ್ಲದ ಊರಲ್ಲಿ ಎಲ್ಲಿ ತಿನ್ನೋದು, ಎಲ್ಲಿ ಉಳಿಯೋದು? ಅದಕ್ಕೆ ಗೈಡ್‌ಬುಕ್ ಬೇಕು.

ಡಂಕನ್ ಹೈನ್ಸ್ ಅಂತ ಒಬ್ಬರಿದ್ದರು. ಪ್ರಿಂಟಿಂಗ್ ಕಂಪನಿಯ ಸೇಲ್ಸ್‌ಮನ್. ಊರೂರು ಸುತ್ತುವಾಗ ಚೆನ್ನಾಗಿದ್ದ ಹೋಟೆಲುಗಳ ಹೆಸರು ಬರೆದಿಟ್ಟುಕೊಳ್ಳುತ್ತಿದ್ದರು. 1935ರ ಕ್ರಿಸ್‌ಮಸ್‌ಗೆ 167 ಹೋಟೆಲುಗಳ ಪಟ್ಟಿ ಮಾಡಿ ಗೆಳೆಯರಿಗೆ ಕಳಿಸಿದರು. 1936ರಲ್ಲಿ ಅದು ಪುಸ್ತಕವಾಯಿತು, ತುಂಬಾ ಫೇಮಸ್ ಆಯಿತು. ಮುಂದೆ ಅವರ ಹೆಸರು ಕೇಕ್ ಮಿಕ್ಸ್ ಡಬ್ಬಿಯ ಮೇಲೂ ಬಂತು. ಅಡುಗೆ ರುಚಿಯಾಗಿದೆಯಾ, ಕಿಚನ್ ಕ್ಲೀನಾಗಿದೆಯಾ ಅನ್ನೋದು ಆ ಪುಸ್ತಕದ ಪ್ರಶ್ನೆ.

ಅದೇ 1936ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಇನ್ನೊಂದು ಗೈಡ್‌ಬುಕ್ ಹುಟ್ಟಿತು. ಅದರ ಪ್ರಶ್ನೆಯೇ ಬೇರೆ: ನಮ್ಮನ್ನು ಒಳಗೆ ಬಿಡ್ತಾರಾ?

ಭಾಗ 3/8: ಅಂಚೆಯಣ್ಣನ ಪುಸ್ತಕ

ಅದನ್ನು ಮಾಡಿದವರು ವಿಕ್ಟರ್ ಹ್ಯೂಗೋ ಗ್ರೀನ್. ಕಪ್ಪು ಅಮೆರಿಕನ್ ಪೋಸ್ಟ್‌ಮನ್. ಮನೆ ಹಾರ್ಲೆಮ್‌ನಲ್ಲಿ, ಕಾಗದ ಹಂಚುವ ಕೆಲಸ ಪಕ್ಕದ ನ್ಯೂಜೆರ್ಸಿ ರಾಜ್ಯದಲ್ಲಿ. ಹೆಂಡತಿ ಆಲ್ಮಾ ಅವರ ತವರು ದಕ್ಷಿಣದ ವರ್ಜೀನಿಯಾ.

ಆಗಿನ ಪರಿಸ್ಥಿತಿ ಹೀಗಿತ್ತು. ‘ಬೇರೆ ಬೇರೆ, ಆದರೆ ಸಮಾನ’ ಎಂಬ ಹೆಸರಿನಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ವ್ಯವಸ್ಥೆ ಮಾಡೋದು ತಪ್ಪಲ್ಲ ಅಂತ 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿತ್ತು. ಆ ಕೇಸು ಶುರುವಾಗಿದ್ದು ಒಂದು ರೈಲು ಡಬ್ಬಿಯಿಂದ. ದಕ್ಷಿಣದ ರಾಜ್ಯಗಳಲ್ಲಿ ರೈಲು, ಬಸ್ಸು, ನಲ್ಲಿ, ಟಾಯ್ಲೆಟ್ ಎಲ್ಲದಕ್ಕೂ ಬೋರ್ಡು ಬಿತ್ತು. ‘ಬೇರೆ’ ಅನ್ನೋದು ಎಲ್ಲಾ ಕಡೆ ಇತ್ತು, ‘ಸಮಾನ’ ಎಲ್ಲೂ ಇರಲಿಲ್ಲ. ಉತ್ತರದ ರಾಜ್ಯಗಳಲ್ಲಿ ಬೋರ್ಡು ಕಡಿಮೆ. ಆದರೆ ಬಾಗಿಲಲ್ಲಿ ನಿಂತು ‘ರೂಮ್ ಖಾಲಿ ಇಲ್ಲ’ ಅನ್ನೋರು ಬೇಕಾದಷ್ಟು.

ಅದಕ್ಕೇ ಕೈಯಲ್ಲಿ ನಾಲ್ಕು ಕಾಸು ಸೇರಿದ ಕಪ್ಪು ಕುಟುಂಬಗಳು ಕಾರು ಕೊಂಡವು. ಸ್ವಂತ ಕಾರಿನಲ್ಲಿ ಯಾರೂ ನಿಮ್ಮನ್ನು ಹಿಂದಿನ ಸೀಟಿಗೆ ಕಳಿಸಲ್ಲ. ಆದರೆ ಕಾರು ಎಲ್ಲಾದರೂ ನಿಲ್ಲಲೇಬೇಕಲ್ವಾ? ನಿಲ್ಲಿಸಿದ ಕಡೆ ಹಳೇ ಕಥೆಯೇ.

ಗ್ರೀನ್ ಮೊದಲು ನ್ಯೂಯಾರ್ಕ್ ಸುತ್ತಮುತ್ತ ಕಪ್ಪು ಜನರಿಗೆ ಬಾಗಿಲು ತೆರೆದಿರುವ ಜಾಗಗಳ ಪಟ್ಟಿ ಮಾಡಿದರು. ಬೇರೆ ಊರಿನವರಿಂದಲೂ ಬೇಡಿಕೆ ಬಂದು, ಕೆಲವೇ ವರ್ಷಗಳಲ್ಲಿ ಪುಸ್ತಕ ದೇಶದ ಉದ್ದಗಲಕ್ಕೂ ಬೆಳೆಯಿತು. ಹೆಸರು ‘ದಿ ನೀಗ್ರೋ ಮೋಟರಿಸ್ಟ್ ಗ್ರೀನ್ ಬುಕ್’. (ನೀಗ್ರೋ ಅನ್ನೋ ಪದ ಆಗ ರೂಢಿಯಲ್ಲಿತ್ತು. ಈಗ ಯಾರೂ ಹಾಗೆ ಕರೆಯಬಾರದು.)

ಭಾಗ 4/8: ಒಳಗೆ ಏನಿತ್ತು?

ಪುಟ ತಿರುಗಿಸಿದರೆ ಬಹುಪಾಲು ಬರೀ ಹೆಸರು, ವಿಳಾಸ. ರಾಜ್ಯ, ಅದರ ಕೆಳಗೆ ಊರು, ಅದರ ಕೆಳಗೆ ಹೋಟೆಲ್, ರೆಸ್ಟೋರೆಂಟ್, ಪೆಟ್ರೋಲ್ ಬಂಕ್, ಗ್ಯಾರೇಜ್, ಸಲೂನ್, ಬ್ಯೂಟಿ ಪಾರ್ಲರ್, ದರ್ಜಿ ಅಂಗಡಿ. ಸ್ಟಾರ್ ರೇಟಿಂಗ್ ಇಲ್ಲ, ರುಚಿಯ ವರ್ಣನೆ ಇಲ್ಲ. ಪಟ್ಟಿಯಲ್ಲಿ ಹೆಸರಿದೆ ಅನ್ನೋದೇ ದೊಡ್ಡ ರೇಟಿಂಗ್.

ಇದರಲ್ಲಿ ‘ಟೂರಿಸ್ಟ್ ಹೋಮ್’ ಅನ್ನೋ ಸಾಲುಗಳನ್ನು ಗಮನಿಸಬೇಕು. ಹೋಟೆಲೇ ಇಲ್ಲದ ಊರುಗಳಲ್ಲಿ ಸಾಮಾನ್ಯ ಮನೆಯವರು ತಮ್ಮದೊಂದು ಕೋಣೆಯನ್ನು ಪ್ರಯಾಣಿಕರಿಗೆ ಬಾಡಿಗೆಗೆ ಕೊಡುತ್ತಿದ್ದರು. ಪಟ್ಟಿಯಲ್ಲಿ ಎಷ್ಟೋ ಕಡೆ ‘ಮಿಸೆಸ್’ ಇಂಥವರು ಅಂತ ಮನೆಯೊಡತಿಯ ಹೆಸರೇ ಇರುತ್ತೆ. ರಾತ್ರಿ ಹೊತ್ತು ನಿದ್ದೆಗಣ್ಣಿನ ಮಕ್ಕಳನ್ನು ಎತ್ತಿಕೊಂಡು ಬಂದವರಿಗೆ ಬಾಗಿಲು ತೆರೆದವರು ಇವರು.

ಮಾಹಿತಿ ಬಂದಿದ್ದು ಓದುಗರಿಂದ. ‘ನಿಮ್ಮೂರಲ್ಲಿ ಒಳ್ಳೆ ಜಾಗ ಇದ್ದರೆ ಬರೆದು ತಿಳಿಸಿ’ ಅಂತ ಗ್ರೀನ್ ಕೇಳುತ್ತಿದ್ದರು. ಎಸ್ಸೋ ಪೆಟ್ರೋಲ್ ಬಂಕ್‌ಗಳಲ್ಲಿ ಪುಸ್ತಕ ಸಿಗುತ್ತಿತ್ತು. ವರ್ಷಕ್ಕೆ ಸುಮಾರು 15,000 ಪ್ರತಿ ಅಚ್ಚಾಗುತ್ತಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಕೆಲವು ವರ್ಷ ನಿಂತು, ಆಮೇಲೆ ಮತ್ತೆ ಶುರುವಾಯಿತು.

ಇದೊಂದೇ ಪುಸ್ತಕ ಅಂದ್ಕೋಬೇಡಿ. ಕಪ್ಪು ಪ್ರಯಾಣಿಕರಿಗಾಗಿ 1930ರಲ್ಲೇ ಒಂದು ಗೈಡ್ ಬಂದಿತ್ತು, 1940ರ ದಶಕದಲ್ಲಿ ‘ಟ್ರಾವೆಲ್‌ಗೈಡ್’ ಅಂತ ಇನ್ನೊಂದು ಬಂತು. ಹೆಚ್ಚು ಕಾಲ ಬಾಳಿದ್ದು ಮಾತ್ರ ಗ್ರೀನ್ ಬುಕ್.

ಭಾಗ 5/8: ಆ ಅಪ್ಪ ಅಮ್ಮ ಪ್ಲಾನ್ ಮಾಡ್ತಿದ್ದಿದ್ದು ಹೇಗೆ?

ಆಗಿನ ಮಕ್ಕಳು ದೊಡ್ಡವರಾದ ಮೇಲೆ ಹೇಳಿದ ನೆನಪುಗಳಲ್ಲಿ ಕೆಲವು ವಿಷಯ ಮತ್ತೆ ಮತ್ತೆ ಬರುತ್ತವೆ. ಬೆಳಕು ಹರಿಯೋ ಮುಂಚೆ ಹೊರಡೋದು. ಹುರಿದ ಕೋಳಿ, ಬೇಯಿಸಿದ ಮೊಟ್ಟೆ, ಬ್ರೆಡ್, ಕುಡಿಯೋ ನೀರು ಎಲ್ಲಾ ಮನೆಯಿಂದಲೇ. ಹಾಸಿಗೆ, ಹೊದಿಕೆ ಡಿಕ್ಕಿಯಲ್ಲಿ. ಬಂಕಿನವರು ಪೆಟ್ರೋಲ್ ಹಾಕಿ ದುಡ್ಡು ತಗೊಂಡು ‘ಟಾಯ್ಲೆಟ್ ನಿಮಗಲ್ಲ’ ಅನ್ನಬಹುದು. ಅದಕ್ಕೇ ಮಕ್ಕಳಿಗಾಗಿ ಒಂದು ಖಾಲಿ ಡಬ್ಬಿಯೂ ಕಾರಿನಲ್ಲಿ ಇರುತ್ತಿತ್ತು.

ಇನ್ನೊಂದು ಲೆಕ್ಕ ಸೂರ್ಯಾಸ್ತದ್ದು. ‘ಸನ್‌ಡೌನ್ ಟೌನ್’ ಅಂತ ಕರೆಯುವ ಊರುಗಳಿದ್ದವು. ಕತ್ತಲಾದ ಮೇಲೆ ಕಪ್ಪು ಜನ ಅಲ್ಲಿ ಇರಕೂಡದು. ಇಲಿನಾಯ್, ಇಂಡಿಯಾನಾದಂಥ ಉತ್ತರದ ರಾಜ್ಯಗಳಲ್ಲೂ ಇಂಥವು ತುಂಬಾ ಇದ್ದವು. ಮಗು ಎಷ್ಟೇ ಅಳಲಿ, ಡ್ರೈವ್ ಮಾಡೋರಿಗೆ ಎಷ್ಟೇ ನಿದ್ದೆ ಬರಲಿ, ಅಲ್ಲಿ ನಿಲ್ಲಿಸೋ ಹಾಗಿಲ್ಲ.

ಮಕ್ಕಳಿಗೆ ಇದರ ಕಾರಣ ಎಷ್ಟೋ ಸಲ ಗೊತ್ತಾಗುತ್ತಲೇ ಇರಲಿಲ್ಲ. ಅವರ ಪಾಲಿಗೆ ಅದು ಕಾರಲ್ಲೇ ಪಿಕ್‌ನಿಕ್. ದೊಡ್ಡವರು ಹಾಗೇ ಅನ್ನಿಸೋ ಥರ ನೋಡಿಕೊಂಡರು.

ಇದನ್ನು ಓದುವಾಗ ನಮ್ಮಲ್ಲಿ ಹಲವರಿಗೆ ಇನ್ನೊಂದು ಪ್ರಯಾಣ ನೆನಪಾಗಬಹುದು. 1901ರಲ್ಲಿ, ಒಂಬತ್ತರ ವಯಸ್ಸಿನ ಅಂಬೇಡ್ಕರ್ ಮನೆಯ ಇತರ ಮಕ್ಕಳ ಜೊತೆ ಸತಾರಾದಿಂದ ಅಪ್ಪನನ್ನು ನೋಡಲು ಹೊರಟಿದ್ದರು. ರೈಲಿಳಿದು ಎತ್ತಿನ ಗಾಡಿ ಹಿಡಿದ ಮೇಲೆ, ಕೈಯಲ್ಲಿ ಬುತ್ತಿ ಇದ್ದರೂ ಜಾತಿಯ ಕಾರಣಕ್ಕೆ ಕುಡಿಯಲು ನೀರು ಸಿಗದೆ ಮಕ್ಕಳು ಹಸಿದೇ ಮಲಗಿದರು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಇದನ್ನು ಬರೆದಿದ್ದಾರೆ. ದೇಶ ಬೇರೆ, ಕಾರಣ ಬೇರೆ. ಬುತ್ತಿ ಕಟ್ಟಿಕೊಂಡು ಹೊರಟ ಮಕ್ಕಳು ದಾರಿಯಲ್ಲಿ ಪಟ್ಟ ಪಾಡು ಮಾತ್ರ ಅದೇ.

ಭಾಗ 6/8: ಸೆನೆಟ್‌ನಲ್ಲಿ ಟ್ರಿಪ್ ಪ್ಲಾನ್

1963ರ ಏಪ್ರಿಲ್. ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪ್ರಸಿದ್ಧ ಪತ್ರದಲ್ಲಿ ಎರಡು ವಿಷಯ ಹೇಳುತ್ತಾರೆ. ಒಂದು, ಟಿವಿಯಲ್ಲಿ ಜಾಹೀರಾತು ನೋಡಿ ಆಸೆಪಟ್ಟ ಆರು ವರ್ಷದ ಮಗಳಿಗೆ ‘ಆ ಅಮ್ಯೂಸ್‌ಮೆಂಟ್ ಪಾರ್ಕಿಗೆ ನಿನ್ನನ್ನು ಬಿಡಲ್ಲ’ ಅಂತ ವಿವರಿಸುವಾಗ ಆಗುವ ಸಂಕಟ. ಇನ್ನೊಂದು, ಯಾವ ಮೋಟೆಲೂ ಸೇರಿಸದೆ ಕಾರಿನ ಮೂಲೆಯಲ್ಲಿ ರಾತ್ರಿ ಕಳೆಯೋದು.

ಅದೇ ವರ್ಷ ಜುಲೈನಲ್ಲಿ ನಾಗರಿಕ ಹಕ್ಕು ಮಸೂದೆಯ ವಿಚಾರಣೆ ನಡೆಯಿತು. ಎನ್.ಎ.ಎ.ಸಿ.ಪಿ. ಸಂಘಟನೆಯ ಮುಖ್ಯಸ್ಥ ರಾಯ್ ವಿಲ್ಕಿನ್ಸ್ ಸೆನೆಟ್ ಸಮಿತಿಯ ಮುಂದೆ ಕೂತರು. ಅವರು ದೊಡ್ಡ ಸಿದ್ಧಾಂತ ಹೇಳಲಿಲ್ಲ. ನೀವು ಕಪ್ಪು ಜನ ಅಂದ್ಕೊಂಡು ಒಂದು ಫ್ಯಾಮಿಲಿ ಟ್ರಿಪ್ ಪ್ಲಾನ್ ಮಾಡಿ ನೋಡಿ ಅನ್ನೋ ಅರ್ಥದಲ್ಲಿ ಕೇಳಿದರು: ದಿನಕ್ಕೆ ಎಷ್ಟು ದೂರ ಓಡಿಸ್ತೀರಿ? ಎಲ್ಲಿ ಊಟ? ಟಾಯ್ಲೆಟ್ ಎಲ್ಲಿ? ಸುಸ್ತಾದಾಗ ನಿಲ್ಲಿಸಬಹುದಾ, ಇಲ್ಲ ನೆಂಟರಿರೋ ಊರು ಬರೋ ತನಕ ಓಡಿಸ್ತಾನೇ ಇರಬೇಕಾ? ನಿಮ್ಮ ಮಕ್ಕಳಿಗೆ ಒಂದು ಐಸ್‌ಕ್ರೀಮ್ ಕೊಡಲ್ಲ ಅಂದ್ರೆ?

ಎಷ್ಟೋ ಸೆನೆಟರ್‌ಗಳಿಗೂ ಸಂಸಾರ ಇತ್ತು, ಕಾರು ಇತ್ತು. ಅರ್ಥವಾಗದೇ ಇರೋಕೆ ಸಾಧ್ಯವೇ ಇರಲಿಲ್ಲ.

ಭಾಗ 7/8: ಗೈಡ್‌ಬುಕ್ಕೇ ಸಾಕ್ಷಿ

1964ರ ಜುಲೈ 2ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ನಾಗರಿಕ ಹಕ್ಕು ಕಾಯ್ದೆಗೆ ಸಹಿ ಹಾಕಿದರು. ಹೋಟೆಲ್, ರೆಸ್ಟೋರೆಂಟ್, ಥಿಯೇಟರ್, ಪೆಟ್ರೋಲ್ ಬಂಕ್‌ಗಳಲ್ಲಿ ಬಣ್ಣ ನೋಡಿ ತಡೆಯೋದು ಕಾನೂನುಬಾಹಿರವಾಯಿತು.

ಅದೇ ದಿನ ಅಟ್ಲಾಂಟಾದ ಒಂದು ಮೋಟೆಲಿನ ಮಾಲೀಕ ಕೋರ್ಟಿಗೆ ಹೋದ. ಮೋಟೆಲಿನ ಹೆಸರು ಹಾರ್ಟ್ ಆಫ್ ಅಟ್ಲಾಂಟಾ, 216 ರೂಮು. ‘ನನ್ನ ಆಸ್ತಿ, ಯಾರನ್ನು ಸೇರಿಸಬೇಕು ಅನ್ನೋದು ನನ್ನಿಷ್ಟ’ ಅನ್ನೋದು ಅವನ ವಾದ. ಡಿಸೆಂಬರ್ 14ಕ್ಕೆ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಕೋರ್ಟ್ ಹಿಡಿದ ದಾರಿ ವ್ಯಾಪಾರದ್ದು. ರಾಜ್ಯ ರಾಜ್ಯಗಳ ನಡುವಿನ ವಾಣಿಜ್ಯವನ್ನು ನಿಯಂತ್ರಿಸುವ ಅಧಿಕಾರ ಅಮೆರಿಕದ ಸಂಸತ್ತಿಗಿದೆ. ಆ ಮೋಟೆಲಿಗೆ ಬರುವವರಲ್ಲಿ ಶೇ. 75ರಷ್ಟು ಜನ ಬೇರೆ ರಾಜ್ಯದವರು. ತಂಗಲು ಜಾಗ ಸಿಗದಿದ್ದರೆ ಜನ ಪ್ರಯಾಣವನ್ನೇ ಬಿಡ್ತಾರೆ, ಅಲ್ಲಿಗೆ ವ್ಯಾಪಾರಕ್ಕೆ ಪೆಟ್ಟು.

ತೀರ್ಪಿನಲ್ಲಿ ಒಂದು ಮಾತು ಬರುತ್ತೆ. ಕಪ್ಪು ಪ್ರಯಾಣಿಕರು ಉಳಿಯಬಹುದಾದ ಜಾಗಗಳನ್ನು ಪಟ್ಟಿ ಮಾಡಲು ವಿಶೇಷ ಗೈಡ್‌ಬುಕ್ಕೇ ಬೇಕಾಗುವಷ್ಟು ಪರಿಸ್ಥಿತಿ ಕೆಟ್ಟಿತ್ತು, ಅಂಥ ಪುಸ್ತಕ ಇರೋದೇ ಅವರ ಕಷ್ಟಕ್ಕೆ ಸಾಕ್ಷಿ ಅಂತ.

ದಾರಿ ತೋರಿಸಲು ಮಾಡಿದ ಪಟ್ಟಿ, ಆ ದಾರಿ ಎಷ್ಟು ಕೆಟ್ಟದಾಗಿತ್ತು ಅನ್ನೋದಕ್ಕೆ ದಾಖಲೆಯಾಯಿತು. ವಿಕ್ಟರ್ ಗ್ರೀನ್ ಇದನ್ನು ನೋಡಲು ಇರಲಿಲ್ಲ. ಅವರು 1960ರಲ್ಲೇ ತೀರಿಕೊಂಡಿದ್ದರು. ಆಮೇಲೆ ಪುಸ್ತಕ ಮುಂದುವರಿಸಿದವರು ಆಲ್ಮಾ.

ಭಾಗ 8/8: ಪುಸ್ತಕ ನಿಂತ ಮೇಲೆ

ಮುಂದೊಂದು ದಿನ ಈ ಪುಸ್ತಕ ಬೇಡವಾಗುತ್ತೆ ಅಂತ ಗ್ರೀನ್ ಬುಕ್‌ನ ಮುನ್ನುಡಿಯಲ್ಲೇ ಬರೆದಿತ್ತು. ಕೊನೆಯ ಆವೃತ್ತಿ ಬಂದಿದ್ದು 1966–67ಕ್ಕೆ. ತನ್ನ ಅಗತ್ಯವೇ ಇಲ್ಲವಾಗಲಿ ಅಂತ ಆಸೆಪಟ್ಟ ಗೈಡ್‌ಬುಕ್ ಇನ್ನೆಷ್ಟಿರಬಹುದು?

ಆದರೆ ಕಥೆ ಅಷ್ಟು ಸಲೀಸಾಗಿ ಮುಗಿಯಲ್ಲ. ಎಲ್ಲಾ ಬಾಗಿಲು ತೆರೆದಾಗ ಕಪ್ಪು ಜನರ ಎಷ್ಟೋ ಹೋಟೆಲ್, ಟೂರಿಸ್ಟ್ ಹೋಮ್‌ಗಳಿಗೆ ಗಿರಾಕಿ ಕಡಿಮೆಯಾಗಿ ಬೀಗ ಬಿತ್ತು. 1956ರ ಕಾಯ್ದೆಯಿಂದ ಬಂದ ದೊಡ್ಡ ಹೆದ್ದಾರಿಗಳೂ ಹಲವು ಊರುಗಳಲ್ಲಿ ಕಪ್ಪು ಬಡಾವಣೆಗಳನ್ನು ಸೀಳಿಕೊಂಡೇ ಹೋದವು. ಮಯಾಮಿಯ ಓವರ್‌ಟೌನ್, ನ್ಯೂ ಆರ್ಲಿಯನ್ಸ್‌ನ ಕ್ಲೇಬೋರ್ನ್ ಅವೆನ್ಯೂ ಇದಕ್ಕೆ ಉದಾಹರಣೆ. ಗ್ರೀನ್ ಬುಕ್‌ನ ಅನೇಕ ವಿಳಾಸಗಳಲ್ಲಿ ಇವತ್ತು ಆ ಕಟ್ಟಡವೇ ಇಲ್ಲ.

ಉಳಿದವುಗಳಲ್ಲಿ ಒಂದು ಮೆಂಫಿಸ್‌ನ ಲೊರೇನ್ ಮೋಟೆಲ್. ಗ್ರೀನ್ ಬುಕ್ ಪಟ್ಟಿಯಲ್ಲಿದ್ದ ಜಾಗ ಅದು. 1968ರ ಏಪ್ರಿಲ್ 4ರಂದು ಕಿಂಗ್ ಅವರನ್ನು ಗುಂಡಿಟ್ಟು ಕೊಂದಿದ್ದು ಅಲ್ಲೇ, ಬಾಲ್ಕನಿಯಲ್ಲಿ. ಈಗ ಅದು ನ್ಯಾಷನಲ್ ಸಿವಿಲ್ ರೈಟ್ಸ್ ಮ್ಯೂಸಿಯಂ.

‘ಗ್ರೀನ್ ಬುಕ್’ ಸಿನಿಮಾ ನೋಡಿದವರು ಪುಸ್ತಕವನ್ನೂ ನೋಡಿ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಶಾಂಬರ್ಗ್ ಸೆಂಟರ್ ಇಪ್ಪತ್ತಕ್ಕೂ ಹೆಚ್ಚು ಆವೃತ್ತಿಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. ಒಂದು ವರ್ಷ ಆರಿಸಿ. ಎರಡು ಊರು ಆರಿಸಿ. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿದ್ದಾರೆ ಅಂದ್ಕೊಂಡು, ಆ ಪುಟಗಳನ್ನಷ್ಟೇ ನಂಬಿ ಟ್ರಿಪ್ ಪ್ಲಾನ್ ಮಾಡಿ. ಕೆಲವು ಊರುಗಳಲ್ಲಿ ಹತ್ತಾರು ವಿಳಾಸ ಸಿಗುತ್ತೆ. ಎಷ್ಟೋ ಊರುಗಳ ಹೆಸರೇ ಇರಲ್ಲ. ಆ ಖಾಲಿ ಜಾಗದಲ್ಲಿ ಕಾರು ನಿಲ್ಲಿಸದೆ ದಾಟಿ ಹೋದ ಮನೆಮಂದಿ ಎಷ್ಟಿದ್ದರೋ, ಲೆಕ್ಕ ಇಟ್ಟವರಿಲ್ಲ.

#ಇತಿಹಾಸ #ಗ್ರೀನ್‌ಬುಕ್ #ಕನ್ನಡದಲ್ಲಿ_ಇತಿಹಾಸ